ನ್ಯೂಯಾರ್ಕಿನ ಚೀನೀಯರ ಅಂಗಡಿಗಳು: ‘ಒಗ್ಗಟ್ಟು’ ಎಂಬ ಮಾತು ಎಷ್ಟು ನಿಜ?

ಬೌನ್‌ಬೀದಿ

ಕ್ವೀನ್ಸ್‌ನ ಫ್ಲಷಿಂಗಿಗೆ ನಾವು ಬಂದು ಹದಿನಾಲ್ಕು ವರ್ಷಗಳಾದವು. ಭಾನುವಾರ ಬೆಳಿಗ್ಗೆ ಬೌನ್ ಸ್ಟ್ರೀಟಿನ ಗಣೇಶ ದೇವಸ್ಥಾನಕ್ಕೆ ಹೋಗುವುದು, ಅಲ್ಲಿನ ಕ್ಯಾಂಟೀನಿನಲ್ಲಿ ದೋಸೆ ತಿನ್ನುವುದು, ಆಮೇಲೆ ಮೇನ್ ಸ್ಟ್ರೀಟಿನವರೆಗೆ ನಡೆದು ವಾರದ ತರಕಾರಿ ತರುವುದು ನಮ್ಮ ಮನೆಯ ವಾಡಿಕೆ. ಹೀರೇಕಾಯಿ, ಹಾಗಲಕಾಯಿ, ಬೂದುಗುಂಬಳ, ಎಳೆಯ ಶುಂಠಿ ಇವೆಲ್ಲ ನಮಗೆ ಸಿಗುವುದು ಚೀನೀಯರ ಅಂಗಡಿಗಳಲ್ಲಿ. ಅಂಗಡಿಗಳೆಂದರೆ ನಾವು ತಿಳಿದ ಅಂಗಡಿಗಳಲ್ಲ. ನಾನು ದಿನವೂ ಹಾದುಹೋಗುವ ಒಂದು ಕಿರಿದಾದ ಮಳಿಗೆಯೊಳಗೆ ಐದು ವ್ಯಾಪಾರಗಳಿವೆ. ಬಾಗಿಲ ಪಕ್ಕದಲ್ಲಿ ಮೊಬೈಲ್ ದುರಸ್ತಿ, ಅದರ ಹಿಂದೆ ಪಾಸ್‌ಪೋರ್ಟ್ ಫೋಟೊ ತೆಗೆದು ಅರ್ಜಿ ತುಂಬಿಕೊಡುವ ಮೇಜು, ಒಣ ಅಣಬೆ ಮತ್ತು ಗಿಡಮೂಲಿಕೆಯ ಗಾಜಿನ ಭರಣಿಗಳು, ಉಗುರು ಬಣ್ಣ ಹಚ್ಚುವ ಎರಡು ಕುರ್ಚಿ, ಕೊನೆಯಲ್ಲಿ ಊರಿಗೆ ಪಾರ್ಸೆಲ್ ಕಳಿಸುವ ಕೌಂಟರ್. ಎಲ್ಲವೂ ಒಂದೇ ಟ್ಯೂಬ್‌ಲೈಟಿನ ಸಾಲಿನ ಕೆಳಗೆ ನಡೆಯುತ್ತವೆ.

ಮೊನ್ನೆ ಯುಗಾದಿಯ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು, ‘ಚೀನೀಯರಲ್ಲಿ ಒಗ್ಗಟ್ಟಿದೆ, ಒಬ್ಬ ಇನ್ನೊಬ್ಬನನ್ನು ಮೇಲೆತ್ತುತ್ತಾನೆ, ನಮ್ಮವರು ಕಾಲೆಳೆಯುತ್ತಾರೆ’ ಎಂದರು. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಮನೆಗೆ ಬಂದ ಮೇಲೆ, ನಾನು ತಲೆಯಾಡಿಸಿದ್ದು ಏನನ್ನು ತಿಳಿದುಕೊಂಡು ಎಂಬ ಅನುಮಾನ ಬಂತು. ಈ ನಗರದ ಚೀನೀಯರ ವ್ಯಾಪಾರ ಒಗ್ಗಟ್ಟಿನಿಂದ ಬೆಳೆಯಿತೋ, ಬೇರೆ ದಾರಿಯಿಲ್ಲದೆ ಬೆಳೆಯಿತೋ? ಓದಿ ಬಲ್ಲವರು, ಹತ್ತಿರದಿಂದ ಕಂಡವರು ದಯವಿಟ್ಟು ಬರೆಯಿರಿ.

ತುಂಗಾತೀರ

ಬೌನ್‌ಬೀದಿಯವರೇ, ಈ ಪ್ರಶ್ನೆಗೆ ಉತ್ತರವನ್ನು ತರಕಾರಿ ಅಂಗಡಿಯಿಂದಲ್ಲ, ಇಸ್ತ್ರಿ ಪೆಟ್ಟಿಗೆಯಿಂದ ಆರಂಭಿಸಬೇಕು. ನ್ಯೂಯಾರ್ಕಿನ ಮೊದಲ ತಲೆಮಾರುಗಳ ಚೀನೀಯರಲ್ಲಿ ಬಹುಪಾಲು ಜನ ಗುವಾಂಗ್‌ಡಾಂಗ್ ಪ್ರಾಂತದ ತೈಶಾನ್ ಸುತ್ತಮುತ್ತಲಿನ ಹಳ್ಳಿಗಳಿಂದ ಬಂದ ಗಂಡಸರು. ಬಟ್ಟೆ ಒಗೆಯುವುದು ಅವರ ಕುಲಕಸುಬಾಗಿರಲಿಲ್ಲ; ಅವರ ಊರಿನಲ್ಲಿ ಅದು ಹೆಂಗಸರ ಕೆಲಸ. ಆದರೂ ಈ ನಗರದ ಬೀದಿಬೀದಿಗಳಲ್ಲಿ ಚೀನೀಯರ ಲಾಂಡ್ರಿ ಹುಟ್ಟಿಕೊಂಡಿತು. 1882ರ ಬಹಿಷ್ಕಾರ ಕಾಯಿದೆ ಚೀನೀ ಕೂಲಿಗಾರರ ಪ್ರವೇಶವನ್ನು ನಿಲ್ಲಿಸಿತು, ಆಗಲೇ ಇದ್ದವರಿಗೆ ಪೌರತ್ವವನ್ನು ನಿರಾಕರಿಸಿತು. ಪೌರತ್ವವಿಲ್ಲದವನಿಗೆ ಅನೇಕ ವೃತ್ತಿಗಳ ಪರವಾನಗಿ ಸಿಗುತ್ತಿರಲಿಲ್ಲ, ಬಿಳಿಯ ಕಾರ್ಮಿಕರ ಸಂಘಗಳು ಒಳಗೆ ಬಿಡುತ್ತಿರಲಿಲ್ಲ. ಒಂದು ಕೋಣೆ, ಒಂದು ಒಲೆ, ಎಂಟು ಪೌಂಡು ತೂಕದ ಇಸ್ತ್ರಿ ಪೆಟ್ಟಿಗೆ ಇದ್ದರೆ ಸಾಕಾಗುವ ಕೆಲಸ ಇದೊಂದೇ ಉಳಿದಿತ್ತು. ಅವರೇ ಅದನ್ನು ‘ಎಂಟು ಪೌಂಡಿನ ಬದುಕು’ ಎಂದು ಕರೆದುಕೊಂಡರು.

ಹೋಟೆಲಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಬಹಿಷ್ಕಾರ ಕಾಯಿದೆಯಲ್ಲಿ ವರ್ತಕರು, ವಿದ್ಯಾರ್ಥಿಗಳು, ಅಧ್ಯಾಪಕರು ಮುಂತಾದ ಕೆಲವರಿಗೆ ಮಾತ್ರ ವಿನಾಯಿತಿಯಿತ್ತು. ಹೊರಗೆ ಹೋಗಿ ಮರಳಿ ಬರುವ ವರ್ತಕನು, ತಾನು ಕನಿಷ್ಠ ಒಂದು ವರ್ಷ ವ್ಯಾಪಾರ ನಡೆಸಿದ್ದೇನೆ, ಆ ಅವಧಿಯಲ್ಲಿ ಮೈಕೈ ದುಡಿಮೆ ಮಾಡಿಲ್ಲ ಎಂಬುದನ್ನು ಚೀನೀಯರಲ್ಲದ ಇಬ್ಬರು ಸಾಕ್ಷಿಗಳ ಮೂಲಕ ರುಜುವಾತು ಮಾಡಬೇಕಿತ್ತು. 1915ರಲ್ಲಿ ಫೆಡರಲ್ ನ್ಯಾಯಾಲಯದ ತೀರ್ಪೊಂದು ಹೋಟೆಲ್ ಮಾಲೀಕರನ್ನೂ ವರ್ತಕರ ಸಾಲಿಗೆ ಸೇರಿಸಿತು. ಅಲ್ಲಿಂದ ಮುಂದೆ ಹತ್ತಾರು ಜನ ಹಣ ಕೂಡಿಸಿ ದೊಡ್ಡ ಹೋಟೆಲ್ ತೆರೆಯುವುದು, ವರ್ಷ ಒಂದೂವರೆ ವರ್ಷಕ್ಕೊಮ್ಮೆ ಮ್ಯಾನೇಜರ್ ಕುರ್ಚಿಯನ್ನು ಸರದಿಯ ಮೇಲೆ ಹಂಚಿಕೊಳ್ಳುವುದು ನಡೆಯಿತು, ಏಕೆಂದರೆ ಆ ಕುರ್ಚಿಯಲ್ಲಿ ಕುಳಿತವನಿಗೆ ‘ವರ್ತಕ’ ಎಂಬ ಪಟ್ಟ ಸಿಗುತ್ತಿತ್ತು, ಆ ಪಟ್ಟವಿದ್ದವನಿಗೆ ಊರಿನಿಂದ ಹೆಂಡತಿ ಮಕ್ಕಳನ್ನು ಕರೆತರುವ ಅವಕಾಶ ಸಿಗುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಇದು ‘ಪಾಲುದಾರಿಕೆಯ ಸಂಸ್ಕೃತಿ’ಯಾಗಿ ಕಂಡಿರಬಹುದು. ನನಗೆ ಅದರಲ್ಲಿ ಕಾನೂನಿನ ಅಚ್ಚು ಕಾಣುತ್ತದೆ.

ಗಾಂಧಿಬಜಾರ್

ತುಂಗಾತೀರದವರ ಮಾತನ್ನು ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಬಾಗಿಲು ಮುಚ್ಚಿದ್ದು ಕಾನೂನು ಇರಬಹುದು. ಕಿಟಕಿ ತೆರೆದವರು ಯಾರು? ಬ್ಯಾಂಕು ಸಾಲ ಕೊಡದ ಕಾಲದಲ್ಲಿ ಅಂಗಡಿಗೆ ಬಂಡವಾಳ ಎಲ್ಲಿಂದ ಬಂತು? ಅವರಲ್ಲಿ ‘ಹುಯ್’ ಎಂಬ ಪದ್ಧತಿಯಿದೆ. ನಮ್ಮ ಕಡೆಯವರಿಗೆ ಅದನ್ನು ವಿವರಿಸುವ ಅಗತ್ಯವೇ ಇಲ್ಲ, ಅದು ಚೀಟಿ. ಪರಿಚಯದ ಹತ್ತಿಪ್ಪತ್ತು ಜನ ಸೇರಿ ತಿಂಗಳಿಗಿಷ್ಟೆಂದು ಹಾಕುತ್ತಾರೆ, ಅವಸರವಿದ್ದವನು ಹೆಚ್ಚು ಬಿಟ್ಟುಕೊಟ್ಟು ಕೂಗಿ ಮೊದಲು ಎತ್ತುತ್ತಾನೆ, ತಾಳ್ಮೆಯಿದ್ದವನು ಕೊನೆಯವರೆಗೆ ಕಾದು ಲಾಭದೊಂದಿಗೆ ಪಡೆಯುತ್ತಾನೆ. ನನ್ನ ಅಜ್ಜಿ ಹೀಗೆಯೇ ಚೀಟಿ ಎತ್ತಿ ಹೊಲಿಗೆ ಯಂತ್ರ ಕೊಂಡರು. ಎತ್ತಿದವನು ಮರುತಿಂಗಳು ಮುಖ ಮರೆಸಿಕೊಂಡರೆ ಅವನನ್ನು ಹಿಡಿಯಲು ಪೊಲೀಸರು ಬರುವುದಿಲ್ಲ. ಅವನ ಊರು, ಅವನ ಅಪ್ಪ, ಅವನ ಹೆಣ್ಣುಕೊಟ್ಟ ಮಾವ ಎಲ್ಲರಿಗೂ ಗೊತ್ತಿರುವುದೇ ಜಾಮೀನು. ಇದನ್ನು ಒಗ್ಗಟ್ಟು ಎನ್ನದೆ ಇನ್ನೇನೆಂದು ಕರೆಯೋಣ?

ಹಾಗೆಯೇ ಮ್ಯಾನ್‌ಹಟನ್ನಿನ ಹಳೆಯ ಚೈನಾಟೌನಿನಲ್ಲಿ ಒಂದೇ ಮನೆತನದ ಹೆಸರಿನವರ ಸಂಘಗಳು, ಒಂದೇ ಸೀಮೆಯಿಂದ ಬಂದವರ ಸಂಘಗಳು ತಮ್ಮದೇ ಕಟ್ಟಡಗಳನ್ನು ಕೊಂಡಿಟ್ಟುಕೊಂಡಿವೆ. ಮೇಲಿನ ಮಹಡಿಯಲ್ಲಿ ಪೂರ್ವಜರ ಪೀಠ, ಮಾಜಾಂಗ್ ಆಡುವ ಮುದುಕರು. ಕೆಳಗೆ ಬಾಡಿಗೆಗೆ ಕೊಟ್ಟ ಅಂಗಡಿ. ಲೋಯರ್ ಮ್ಯಾನ್‌ಹಟನ್ನಿನ ಬಾಡಿಗೆ ಏರಿದ ಪರಿಯನ್ನು ನೆನೆದರೆ, ಆ ಬೀದಿಗಳಲ್ಲಿ ಇನ್ನೂ ಚೀನೀ ಬೇಕರಿ ಉಳಿದಿರುವುದಕ್ಕೆ ಈ ಸ್ವಂತ ಕಟ್ಟಡಗಳು ದೊಡ್ಡ ಕಾರಣ.

ತುಂಗಾತೀರ

ಗಾಂಧಿಬಜಾರಿನವರೇ, ಸಂಘಗಳ ಮಾತು ತೆಗೆದಿರಾದ್ದರಿಂದ 1933ರ ಪ್ರಸಂಗವನ್ನು ಹೇಳಲೇಬೇಕು. ಆರ್ಥಿಕ ಕುಸಿತದ ಆ ದಿನಗಳಲ್ಲಿ ನಗರದ ಆಡಳಿತದ ಮುಂದೆ ಒಂದು ನಿಯಮದ ಪ್ರಸ್ತಾವ ಬಂತು. ಒಬ್ಬನೇ ನಡೆಸುವ ಲಾಂಡ್ರಿಗೂ ವರ್ಷಕ್ಕೆ 25 ಡಾಲರ್ ಪರವಾನಗಿ ಶುಲ್ಕ, ಮೇಲೆ 1,000 ಡಾಲರಿನ ಬಾಂಡ್, ಅಂದರೆ ಜಾಮೀನು. ಯಂತ್ರದ ದೊಡ್ಡ ಲಾಂಡ್ರಿಗಳಿಗೆ ಇದು ಲೆಕ್ಕಕ್ಕೇ ಇಲ್ಲದ ಮೊತ್ತ, ಕೈ ಇಸ್ತ್ರಿಯವನಿಗೆ ಅಂಗಡಿ ಮುಚ್ಚುವ ಆಜ್ಞೆ. ಆಗ ಚೈನಾಟೌನಿನ ‘ಅನಧಿಕೃತ ಸರ್ಕಾರ’ ಎನಿಸಿಕೊಂಡಿದ್ದ, ಮಾಟ್ ಸ್ಟ್ರೀಟಿನ ವರ್ತಕರ ಹಿಡಿತದಲ್ಲಿದ್ದ ಬೆನೆವೊಲೆಂಟ್ ಅಸೋಸಿಯೇಷನ್ ಲಾಂಡ್ರಿಯವರಿಂದ ಶುಲ್ಕ ಎತ್ತುವುದರಲ್ಲಿ ತೋರಿದ ಉತ್ಸಾಹವನ್ನು ಹೋರಾಟದಲ್ಲಿ ತೋರಲಿಲ್ಲ. ಬೇಸತ್ತ ಲಾಂಡ್ರಿಯವರು ಅದರಿಂದ ಸಿಡಿದು ಹೊರಬಂದು, ಚೈನೀಸ್ ಹ್ಯಾಂಡ್ ಲಾಂಡ್ರಿ ಅಲಯನ್ಸ್ ಎಂಬ ಸ್ವಂತ ಸಂಘ ಕಟ್ಟಿ, ವಕೀಲರನ್ನು ಹಿಡಿದು ವಾದಿಸಿ, ಶುಲ್ಕವನ್ನು 10 ಡಾಲರಿಗೂ ಬಾಂಡನ್ನು 100 ಡಾಲರಿಗೂ ಇಳಿಸಿಕೊಂಡರು.

ಒಗ್ಗಟ್ಟಿತ್ತು, ನಿಜ. ಆದರೆ ಅದು ‘ಚೀನೀಯರ ಒಗ್ಗಟ್ಟು’ ಅಲ್ಲ, ಲಾಂಡ್ರಿಯವರ ಒಗ್ಗಟ್ಟು. ಅದು ಹುಟ್ಟಿದ್ದೇ ಚೀನೀ ವರ್ತಕರ ಎದುರು ನಿಂತು.

ಅಂಕಿತಪ್ರಿಯೆ

ನಾನು ಸಮಾಜಶಾಸ್ತ್ರದ ವಿದ್ಯಾರ್ಥಿನಿ. ಇಲ್ಲಿ ನೀವಿಬ್ಬರೂ ಆಡುತ್ತಿರುವ ವಾದವನ್ನು ವಿದ್ವಾಂಸರು ನಾಲ್ಕು ದಶಕಗಳಿಂದ ಆಡುತ್ತಿದ್ದಾರೆ. ಅಲೆಹಾಂಡ್ರೊ ಪೋರ್ಟೆಸ್ ಮತ್ತು ಅವರ ಜೊತೆಯವರು 1980ರ ಸುಮಾರಿಗೆ, ವಲಸಿಗರು ತಮ್ಮವರ ವ್ಯಾಪಾರದ ಆವರಣದಲ್ಲಿ ದುಡಿದರೆ ಹೊರಗಿನ ಕಡಿಮೆ ದರ್ಜೆಯ ಕೆಲಸಕ್ಕಿಂತ ಮೇಲೇರುವ ಅವಕಾಶ ಹೆಚ್ಚು ಎಂದು ವಾದಿಸಿದರು. ನ್ಯೂಯಾರ್ಕಿನ ಚೈನಾಟೌನನ್ನು ಅಧ್ಯಯನ ಮಾಡಿದ ಮಿನ್ ಝೋ ಅದೇ ದಿಕ್ಕಿನಲ್ಲಿ ನಡೆದರು. ಪೀಟರ್ ಕ್ವಾಂಗ್ ಮಾತ್ರ ಇದನ್ನು ಖಡಾಖಂಡಿತವಾಗಿ ಅಲ್ಲಗಳೆದು, ಆ ಆವರಣದೊಳಗೆ ಎರಡು ವರ್ಗಗಳಿವೆ, ‘ನಮ್ಮವರು’ ಎಂಬ ಮಾತು ಕೆಳಗಿನವರ ಬಾಯಿ ಮುಚ್ಚಿಸಲು ಬಳಕೆಯಾಗುತ್ತದೆ ಎಂದರು. ನನ್ನ ಒಲವು ಕ್ವಾಂಗ್ ಅವರ ಕಡೆಗೆ, ಅದಕ್ಕೆ 1982ರ ಬೇಸಿಗೆ ಕಾರಣ.

1965ರ ವಲಸೆ ಕಾಯಿದೆಯ ನಂತರ ಕುಟುಂಬಗಳು ಬರಲಾರಂಭಿಸಿದವು. ಅದುವರೆಗೆ ಗಂಡಸರ ಊರಾಗಿದ್ದ ಚೈನಾಟೌನಿಗೆ ಹೆಂಗಸರು ಬಂದರು. ಎಂಬತ್ತರ ದಶಕದ ಆರಂಭಕ್ಕೆ ಅಲ್ಲಿ ಸುಮಾರು 500 ಸಿದ್ಧ ಉಡುಪಿನ ಕಾರ್ಖಾನೆಗಳು, ಸುಮಾರು 20,000 ಕೆಲಸಗಾರರು, ಬಹುತೇಕ ಎಲ್ಲರೂ ಹೆಂಗಸರು. ತುಂಡಿನ ಲೆಕ್ಕದಲ್ಲಿ ಕೂಲಿ. ಗಂಡ ಹೋಟೆಲಿನ ಅಡುಗೆಮನೆಯಲ್ಲಿ ದುಡಿದರೂ ಅಲ್ಲಿ ಆರೋಗ್ಯ ವಿಮೆಯಿರಲಿಲ್ಲ. ಹೆಂಡತಿ ಹೊಲಿಗೆಯವರ ಯೂನಿಯನ್ನಿನ ಸದಸ್ಯೆಯಾದರೆ ಇಡೀ ಕುಟುಂಬಕ್ಕೆ ವಿಮೆ ಬರುತ್ತಿತ್ತು. ಹೀಗಾಗಿ ಆಕೆಯ ಯೂನಿಯನ್ ಕಾರ್ಡು ಮನೆಯ ಅತ್ಯಂತ ಬೆಲೆಬಾಳುವ ಕಾಗದವಾಗಿತ್ತು. 1982ರಲ್ಲಿ ಯೂನಿಯನ್ನಿನ ಹೊಸ ಒಪ್ಪಂದಕ್ಕೆ ಸಹಿ ಹಾಕಲು ಕಾರ್ಖಾನೆ ನಡೆಸುವ ಚೀನೀ ಗುತ್ತಿಗೆದಾರರು ಒಪ್ಪಲಿಲ್ಲ. ಅವರ ವಾದ ಏನಿತ್ತು ಗೊತ್ತೇ? ನಾವೆಲ್ಲ ಚೀನೀಯರು, ಹೊರಗಿನ ಯೂನಿಯನ್ನಿನ ಮಾತು ಕೇಳಿ ನಮ್ಮ ನಮ್ಮಲ್ಲೇ ಜಗಳವಾಡುವುದು ಬೇಡ ಎಂಬುದು. 1982ರ ಜೂನ್ 24ರಂದು ಸುಮಾರು 20,000 ಹೆಂಗಸರು ಕೆಲಸ ಬಿಟ್ಟು ಕೊಲಂಬಸ್ ಪಾರ್ಕಿನಲ್ಲಿ ಸೇರಿದರು. ಕೆಲವೇ ದಿನಗಳಲ್ಲಿ ಗುತ್ತಿಗೆದಾರರು ಸಹಿ ಹಾಕಿದರು.

ಒಗ್ಗಟ್ಟಿನ ಹೆಸರಿನಲ್ಲಿ ಬಂದ ಕೋರಿಕೆಯನ್ನು ಆ ಹೆಂಗಸರು ಒಗ್ಗಟ್ಟಿನಿಂದಲೇ ತಿರಸ್ಕರಿಸಿದರು.

ಮಾಟುಂಗಾ ಪೂರ್ವ

ಓದುತ್ತ ಹೋದಂತೆ ನಮ್ಮ ತಂದೆಯವರ ಮಾತು ನೆನಪಾಯಿತು. ಅವರು ಹದಿಮೂರನೆಯ ವಯಸ್ಸಿನಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು ಊರಿನವರೊಬ್ಬರ ಹೋಟೆಲಿನಲ್ಲಿ ಲೋಟ ತೊಳೆದರು, ಅಲ್ಲೇ ಬೆಂಚುಗಳ ಮೇಲೆ ಮಲಗಿದರು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿದರು. ‘ಧಣಿಗಳು ಅನ್ನ ಕೊಟ್ಟರು’ ಎಂದು ಕೊನೆಯವರೆಗೂ ಕೃತಜ್ಞರಾಗಿದ್ದರು. ಸಂಬಳ ಎಷ್ಟು ಕೊಟ್ಟರು ಎಂದು ನಾನು ಕೇಳಿದಾಗ ಮಾತ್ರ ಮಾತು ಬದಲಾಯಿಸುತ್ತಿದ್ದರು. ಪೋರ್ಟೆಸ್ ಮತ್ತು ಕ್ವಾಂಗ್ ಇಬ್ಬರೂ ಒಂದೇ ಮನುಷ್ಯನೊಳಗೆ ಇರಬಹುದು ಎಂಬುದಷ್ಟೇ ನನ್ನ ಅಭಿಪ್ರಾಯ. ಇದಕ್ಕಿಂತ ಹೆಚ್ಚು ಹೇಳಿದರೆ ವಿಷಯ ಬಿಟ್ಟು ಹೋದಂತಾಗುತ್ತದೆ.

ಹಳೇಸೇತುವೆ

ಮಾಟುಂಗಾದವರು ಹೇಳಿದ ಬೆಂಚಿನ ಮೇಲಿನ ನಿದ್ದೆಯ ಇಂದಿನ ರೂಪವನ್ನು ನಾನು ನೋಡಿದ್ದೇನೆ. ಓದುವ ದಿನಗಳಲ್ಲಿ ಬಾಸ್ಟನ್ನಿಗೆ ಹೋಗಲು ಚೈನಾಟೌನ್ ಬಸ್ಸು ಹಿಡಿಯುತ್ತಿದ್ದೆ, ಏಕೆಂದರೆ ಅಷ್ಟು ಅಗ್ಗದ ಟಿಕೆಟ್ಟು ಬೇರೆಲ್ಲೂ ಇರಲಿಲ್ಲ. ಆ ಬಸ್ಸುಗಳು ನಮ್ಮಂಥ ವಿದ್ಯಾರ್ಥಿಗಳಿಗಾಗಿ ಹುಟ್ಟಿದವಲ್ಲ ಎಂಬುದು ಆಮೇಲೆ ತಿಳಿಯಿತು. ಮ್ಯಾನ್‌ಹಟನ್ ಸೇತುವೆಯ ಬುಡದಲ್ಲಿ, ಈಸ್ಟ್ ಬ್ರಾಡ್‌ವೇ ಆಸುಪಾಸಿನಲ್ಲಿ, ಕೆಲಸ ಕೊಡಿಸುವ ಏಜೆನ್ಸಿಗಳ ಸಾಲಿದೆ. ಒಳಗೆ ಕಾಲಿಟ್ಟರೆ ಗೋಡೆಯ ಮೇಲೆ, ಗಾಜಿನ ಕಿಂಡಿಯ ಮೇಲೆ ಚೀಟಿಗಳು: ಅಡುಗೆಯವ ಬೇಕು, ಹುರಿಯುವವ ಬೇಕು, ಫೋನ್ ತೆಗೆದುಕೊಳ್ಳುವ ಹುಡುಗಿ ಬೇಕು. ಊರಿನ ಹೆಸರು ಇರುವುದಿಲ್ಲ. ಅದರ ಬದಲು ದೂರವಾಣಿಯ ಮೂರಂಕಿಯ ಏರಿಯಾ ಕೋಡ್, ಬಸ್ಸಿನಲ್ಲಿ ಎಷ್ಟು ಗಂಟೆ ದಾರಿ, ತಿಂಗಳ ಸಂಬಳ ಇಷ್ಟೇ ಇರುತ್ತದೆ. ಇಂಗ್ಲಿಷ್ ಬಾರದವನಿಗೆ ಓಹಾಯೊ ಆದರೇನು, ವರ್ಜೀನಿಯಾ ಆದರೇನು! ಅವನು ಸಂಜೆ ಬಸ್ಸು ಹತ್ತಿ, ಮಾಲೀಕ ಬಾಡಿಗೆಗೆ ಹಿಡಿದ ಮನೆಯ ನೆಲದ ಹಾಸಿಗೆಯಲ್ಲಿ ಮಲಗಿ, ವಾರಕ್ಕೆ ಆರು ದಿನ ಬಾಣಲೆಯ ಮುಂದೆ ನಿಲ್ಲುತ್ತಾನೆ.

ಇವರು ತೈಶಾನಿನವರಲ್ಲ. ಎಂಬತ್ತರ ದಶಕದಿಂದ ಈಚೆಗೆ ಬಂದ, ಫೂಜಿಯನ್ ಪ್ರಾಂತದ ಫೂಝೌ ಕಡೆಯ ಜನ. ಅವರ ಮಾತು ಗುವಾಂಗ್‌ಡಾಂಗ್ ಕಡೆಯ ಕ್ಯಾಂಟನೀಸ್ ಭಾಷೆಯ ಹಳೆಯ ನಿವಾಸಿಗಳಿಗೆ ಅರ್ಥವಾಗುವುದಿಲ್ಲ, ಹಾಗಾಗಿ ಒಂದೇ ಚೈನಾಟೌನಿನೊಳಗೆ ಅವರು ಬೇರೆಯದೇ ಬೀದಿ ಕಟ್ಟಿಕೊಂಡರು. ಬಹಳಷ್ಟು ಜನ ಸಾಲ ಮಾಡಿ, ಕಳ್ಳದಾರಿಯಲ್ಲಿ ಬಂದವರು. ತೊಂಬತ್ತರ ದಶಕದ ಆರಂಭದಲ್ಲಿ ತಲೆಗೆ ಸುಮಾರು 30,000 ಡಾಲರ್ ದರವಿತ್ತು. 1993ರ ಜೂನ್ 6ರ ನಸುಕಿನಲ್ಲಿ ಗೋಲ್ಡನ್ ವೆಂಚರ್ ಎಂಬ ಹಡಗು ಕ್ವೀನ್ಸ್‌ನ ರಾಕವೇ ದಂಡೆಯಲ್ಲಿ ಮರಳಿಗೆ ತಾಗಿ ನಿಂತಾಗ ಅದರಲ್ಲಿ 286 ಜನರಿದ್ದರು. ತಣ್ಣನೆಯ ನೀರಿಗೆ ಹಾರಿದವರಲ್ಲಿ 10 ಜನ ಸತ್ತರು. ಆ ಹಡಗಿಗೆ ಹಣ ಹೂಡಿದವರಲ್ಲಿ ಒಬ್ಬಳಾದ ಸಿಸ್ಟರ್ ಪಿಂಗ್ ಈಸ್ಟ್ ಬ್ರಾಡ್‌ವೇಯಲ್ಲಿ ಅಂಗಡಿ ಇಟ್ಟುಕೊಂಡಿದ್ದಳು. ಜನರನ್ನು ಸಾಗಿಸುವುದರ ಜೊತೆಗೆ ಊರಿಗೆ ಹಣ ತಲುಪಿಸುವ ಹುಂಡಿ ವ್ಯವಹಾರವನ್ನೂ ನಡೆಸುತ್ತಿದ್ದಳು, ಬ್ಯಾಂಕಿಗಿಂತ ಬೇಗ, ಬ್ಯಾಂಕಿಗಿಂತ ಅಗ್ಗವಾಗಿ. 2006ರಲ್ಲಿ ಆಕೆಗೆ 35 ವರ್ಷಗಳ ಶಿಕ್ಷೆಯಾಯಿತು. 2014ರಲ್ಲಿ ಜೈಲುವಾಸದಲ್ಲೇ ತೀರಿಕೊಂಡಳು. ಊರಿನವರಲ್ಲಿ ಅನೇಕರು ಆಕೆಯನ್ನು ಪುಣ್ಯಾತ್ಗಿತ್ತಿ ಎಂದೇ ಭಾವಿಸಿದ್ದರು. ಒಗ್ಗಟ್ಟಿನ ಲೆಕ್ಕದಲ್ಲಿ ಆಕೆಯನ್ನು ಯಾವ ಕಡೆ ಬರೆಯುತ್ತೀರಿ?

ಬಸ್ಸುಗಳ ಕಥೆಯೂ ಸುಖಾಂತವಲ್ಲ. 2011ರ ಮಾರ್ಚಿನಲ್ಲಿ ಬ್ರಾಂಕ್ಸ್ ಬಳಿ ಕ್ಯಾಸಿನೊದಿಂದ ಚೈನಾಟೌನಿಗೆ ಮರಳುತ್ತಿದ್ದ ಬಸ್ಸು ಉರುಳಿ 15 ಜನ ಸತ್ತರು. ಮರುವರ್ಷ ಫೆಡರಲ್ ಸರ್ಕಾರ 26 ಬಸ್ ಕಂಪನಿಗಳನ್ನು ಒಮ್ಮೆಗೇ ಮುಚ್ಚಿಸಿತು. ನಾನು ಅಗ್ಗದ ಟಿಕೆಟ್ಟಿನಲ್ಲಿ ಹೋಗುತ್ತಿದ್ದಾಗ ಚಾಲಕ ಎಷ್ಟು ಗಂಟೆ ನಿದ್ದೆ ಮಾಡಿದ್ದಾನೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಗಾಂಧಿಬಜಾರ್

ಸಿಸ್ಟರ್ ಪಿಂಗ್ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಆಕೆಯ ಹುಂಡಿಗೆ ಗಿರಾಕಿಗಳು ಬಂದದ್ದೇಕೆ ಎಂಬುದನ್ನೂ ಕೇಳಬೇಕು. ನಗದಿನಲ್ಲಿ ಸಂಬಳ ಪಡೆಯುವವನನ್ನು ಈ ನಗರದ ದೊಡ್ಡ ಬ್ಯಾಂಕುಗಳು ಮನುಷ್ಯನೆಂದೇ ಗಣಿಸುವುದಿಲ್ಲ. ಅಂಥವರಿಗಾಗಿಯೇ ವಕೀಲ ಥಾಮಸ್ ಸಂಗ್ ಮತ್ತಿತರರು 1984ರಲ್ಲಿ ಚೈನಾಟೌನಿನಲ್ಲಿ ಅಬಾಕಸ್ ಬ್ಯಾಂಕನ್ನು ಸ್ಥಾಪಿಸಿದರು. ತನ್ನ ಕೆಲವು ಸಿಬ್ಬಂದಿ ಸಾಲದ ಕಾಗದಗಳಲ್ಲಿ ಮೋಸ ಮಾಡಿದ್ದನ್ನು ಬ್ಯಾಂಕೇ ಪತ್ತೆಹಚ್ಚಿ ನಿಯಂತ್ರಕರಿಗೆ ತಿಳಿಸಿತು. ಆದರೂ 2012ರಲ್ಲಿ ಬ್ಯಾಂಕಿನ ಮೇಲೆಯೇ ಕ್ರಿಮಿನಲ್ ಮೊಕದ್ದಮೆ ಹೂಡಲಾಯಿತು. ನೌಕರರನ್ನು ಒಂದೇ ಸರಪಳಿಗೆ ಸಾಲಾಗಿ ಬಿಗಿದು ನ್ಯಾಯಾಲಯದ ಪಡಸಾಲೆಯಲ್ಲಿ ಕ್ಯಾಮೆರಾಗಳ ಮುಂದೆ ನಡೆಸಿದರು. 2015ರಲ್ಲಿ ಜ್ಯೂರಿ ಎಲ್ಲ ಆರೋಪಗಳಿಂದಲೂ ಖುಲಾಸೆ ಮಾಡಿತು. 2008ರ ಗೃಹಸಾಲದ ಬಿಕ್ಕಟ್ಟಿನಲ್ಲಿ ಜಗತ್ತನ್ನೇ ಮುಳುಗಿಸಿದ ವಾಲ್ ಸ್ಟ್ರೀಟ್ ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿದೆ. ಅಲ್ಲಿನ ಯಾವ ದೊಡ್ಡ ಬ್ಯಾಂಕೂ ಹೀಗೆ ವಿಚಾರಣೆಯ ಕಟಕಟೆ ಹತ್ತಲಿಲ್ಲ.

ಅಂಕಿತಪ್ರಿಯೆ

ವಾಲ್ ಸ್ಟ್ರೀಟಿನ ಹೆಸರು ಬಂದದ್ದು ಒಳ್ಳೆಯದಾಯಿತು. ನಾವು ಚೈನಾಟೌನನ್ನು ನಗರದೊಳಗಿನ ಒಂದು ದ್ವೀಪವೆಂಬಂತೆ ಮಾತನಾಡುತ್ತಿದ್ದೇವೆ. ‘ಜಾಗತಿಕ ನಗರ’ ಎಂಬ ಪರಿಕಲ್ಪನೆಯನ್ನು ಬೆಳೆಸಿದ ಸಸ್ಕಿಯಾ ಸಾಸೆನ್ ಅವರ ಮುಖ್ಯ ಮಾತೇ, ಹಣಕಾಸಿನ ಕೇಂದ್ರವಾದ ನಗರಕ್ಕೆ ಮೇಲಿನ ಮಹಡಿಯ ತಜ್ಞರು ಎಷ್ಟು ಅಗತ್ಯವೋ, ಕಡಿಮೆ ಕೂಲಿಯ ದುಡಿಮೆಗಾರರೂ ಅಷ್ಟೇ ಅಗತ್ಯ ಎಂಬುದು. ರಾತ್ರಿ ಹತ್ತು ಗಂಟೆಗೆ ಕಚೇರಿಯಲ್ಲಿ ಕುಳಿತವನಿಗೆ ಬಿಸಿ ನೂಡಲ್ಸ್ ಸೈಕಲ್ಲಿನಲ್ಲಿ ಬರಬೇಕು. ಸೆವೆಂತ್ ಅವೆನ್ಯೂವಿನ ಉಡುಪು ವಿನ್ಯಾಸಕಾರನಿಗೆ ಸಮುದ್ರದಾಚೆಯಿಂದ ಹಡಗು ಬರುವವರೆಗೆ ಕಾಯಲು ಸಮಯವಿಲ್ಲ, ಮುಂದಿನ ವಾರವೇ ಲಂಗಗಳು ಬೇಕು. ಚೈನಾಟೌನಿನ ಹೊಲಿಗೆ ಕಾರ್ಖಾನೆಗಳು ಬದುಕಿದ್ದು ಈ ಅವಸರದ ಆರ್ಡರುಗಳಿಂದ.

2001ರ ಸೆಪ್ಟೆಂಬರ್ 11ರ ನಂತರ ಈ ಕೊಂಡಿ ಎಷ್ಟು ಗಟ್ಟಿಯಿತ್ತೆಂಬುದು ಕಡಿದಾಗಲೇ ಗೊತ್ತಾಯಿತು. ಕೆನಾಲ್ ಸ್ಟ್ರೀಟಿನ ದಕ್ಷಿಣಕ್ಕೆ ಸಂಚಾರ ನಿಂತಿತು, ದೂರವಾಣಿಗಳು ಸತ್ತವು, ಬಟ್ಟೆಯ ಲಾರಿಗಳು ಒಳಗೆ ಬರಲಿಲ್ಲ; ಪೊಲೀಸ್ ಕೇಂದ್ರ ಕಚೇರಿಯ ರಕ್ಷಣೆಗೆಂದು ಪಾರ್ಕ್ ರೋ ರಸ್ತೆಯನ್ನು ವರ್ಷಗಟ್ಟಲೆ ಮುಚ್ಚಿದರು. ಮೊದಲೇ ವಿದೇಶೀ ಆಮದಿನಿಂದ ಸೊರಗುತ್ತಿದ್ದ ಹೊಲಿಗೆ ಉದ್ಯಮ ಆಮೇಲೆ ಏಳಲೇ ಇಲ್ಲ. ಹೆಂಗಸರು ಮನೆಯಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೆಲಸಕ್ಕೆ, ಉಗುರಿನ ಅಂಗಡಿಗಳಿಗೆ ಹೋದರು. ಯಂತ್ರಗಳಿದ್ದ ಎತ್ತರದ ಹಜಾರಗಳು ಕಚೇರಿಗಳಾದವು.

ತುಂಗಾತೀರ

ಕಟ್ಟಡಗಳ ಬಗ್ಗೆ ಗಾಂಧಿಬಜಾರಿನವರು ಹೇಳಿದ್ದಕ್ಕೆ ಒಂದು ಪೂರಕ ಟಿಪ್ಪಣಿ. ಕಟ್ಟಡ ಚೀನೀಯರದ್ದಾದ ಮಾತ್ರಕ್ಕೆ ಅಂಗಡಿ ಉಳಿಯುತ್ತದೆ ಎನ್ನಲಾಗದು. ಎಲಿಜಬೆತ್ ಸ್ಟ್ರೀಟಿನ ಜಿಂಗ್ ಫಾಂಗ್ ನಗರದ ಅತಿ ದೊಡ್ಡ ಚೀನೀ ಹೋಟೆಲುಗಳಲ್ಲಿ ಒಂದಾಗಿತ್ತು. ಸುಮಾರು 800 ಜನ ಕೂರುವ ಹಜಾರ; ಡಿಮ್ ಸಮ್ ಎಂಬ ಸಣ್ಣ ತಿಂಡಿಗಳು ತುಂಬಿದ ತಳ್ಳುಗಾಡಿಗಳು ಮೇಜುಗಳ ನಡುವೆ ಸಂತೆಯ ಗಾಡಿಗಳಂತೆ ಓಡಾಡುತ್ತಿದ್ದವು. ಅಲ್ಲಿನ ಕೆಲಸಗಾರರಿಗೆ ಯೂನಿಯನ್ ಇತ್ತು, ಇದು ಚೈನಾಟೌನಿನಲ್ಲಿ ಅಪರೂಪ. ಕೊರೋನಾದ ನಂತರ, 2021ರ ಮಾರ್ಚಿನಲ್ಲಿ ಆ ಹಜಾರ ಮುಚ್ಚಿತು. ಕೆಲಸಗಾರರು ಘೋಷಣೆ ಕೂಗಿದ್ದು ಕಟ್ಟಡದ ಮಾಲೀಕರ ವಿರುದ್ಧ, ಮತ್ತು ಆ ಮಾಲೀಕರು ಚೈನಾಟೌನಿನದೇ ಚೀನೀ ಕುಟುಂಬ. ಹೋಟೆಲು ಅದೇ ವರ್ಷ ಬೇರೆ ಬೀದಿಯಲ್ಲಿ ಚಿಕ್ಕದಾಗಿ ತೆರೆಯಿತು. ಎಲ್ಲ ಕೆಲಸಗಾರರಿಗೂ ಅಲ್ಲಿ ಜಾಗ ಎಲ್ಲಿಂದ ಬರಬೇಕು?

ಬೌನ್‌ಬೀದಿ

ಎಲ್ಲರಿಗೂ ಧನ್ಯವಾದಗಳು. ಇಷ್ಟು ಓದಿದ ಮೇಲೆ ನಾನಿರುವ ಫ್ಲಷಿಂಗಿನ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಇಲ್ಲಿಗೆ ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಮೊದಲು ಬಂದವರು ತೈವಾನಿನ ಓದಿದ, ಕೈಯಲ್ಲಿ ಅಷ್ಟಿಷ್ಟು ಹಣವಿದ್ದ ಜನ. ಮ್ಯಾನ್‌ಹಟನ್ ಚೈನಾಟೌನಿನ ಕ್ಯಾಂಟನೀಸ್ ಅವರಿಗೆ ಒಗ್ಗಲಿಲ್ಲ. ಏಳನೆಯ ನಂಬರಿನ ರೈಲು ಮುಗಿಯುವ ಈ ಕೊನೆಯ ನಿಲ್ದಾಣದಲ್ಲಿ ಮ್ಯಾಂಡರಿನ್ ಮಾತನಾಡುವ ಇನ್ನೊಂದು ಪೇಟೆ ಕಟ್ಟಿದರು. ಆಮೇಲೆ ಚೀನಾದ ನಾನಾ ಪ್ರಾಂತಗಳವರು ಬಂದು ಸೇರಿದರು. 2005ರಲ್ಲಿ ಮೇನ್ ಸ್ಟ್ರೀಟಿನ ಗೋಲ್ಡನ್ ಮಾಲ್ ಎಂಬ ಕಟ್ಟಡದ ನೆಲಮಾಳಿಗೆಯಲ್ಲಿ ಶಿಯಾನ್ ಶೈಲಿಯ ನೂಡಲ್ಸ್ ಮಾರುತ್ತಿದ್ದ ಗೂಡಂಗಡಿಯೊಂದು ಈಗ ನಗರದ ತುಂಬ ಶಾಖೆಗಳಿರುವ ಶಿಯಾನ್ ಫೇಮಸ್ ಫುಡ್ಸ್ ಆಗಿದೆ. ಯುಗಾದಿಯ ಪಂಕ್ತಿಯಲ್ಲಿ ನಮ್ಮ ಹಿರಿಯರು ಉದಾಹರಿಸಿದ್ದು ಇದನ್ನೇ. ಆ ನೆಲಮಾಳಿಗೆಯಲ್ಲಿ ಇನ್ನೂ ಎಷ್ಟು ಗೂಡಂಗಡಿಗಳಿದ್ದವು ಎಂಬುದನ್ನು ಅವರು ಹೇಳಲಿಲ್ಲ.

ನಿನ್ನೆ ನನ್ನ ಐದು ವ್ಯಾಪಾರಗಳ ಮಳಿಗೆಗೆ ಹೋಗಿ, ಮಗಳ ಪಾಸ್‌ಪೋರ್ಟ್ ಫೋಟೊ ತೆಗೆಸುವ ನೆಪದಲ್ಲಿ ಆ ಮೇಜಿನ ಹೆಂಗಸನ್ನು ಮಾತನಾಡಿಸಿದೆ. ಆಕೆ ತಿಂಗಳ ಮೊದಲ ದಿನ ಮೊಬೈಲ್ ದುರಸ್ತಿಯವನಿಗೆ ನಗದು ಬಾಡಿಗೆ ಕೊಡುತ್ತಾಳೆ. ಮಳಿಗೆಯ ಕರಾರು ಅವನ ಹೆಸರಿನಲ್ಲಿದೆ, ಉಳಿದ ನಾಲ್ವರೂ ಅವನ ಒಳಬಾಡಿಗೆದಾರರು. ಆಕೆಯೂ ಅವನೂ ಒಂದೇ ಊರಿನವರೇ ಎಂದು ಕೇಳಿದೆ. ಅಲ್ಲವಂತೆ, ಆಕೆ ಈಶಾನ್ಯದ ಶೆನ್‌ಯಾಂಗ್ ನಗರದವಳು, ಅವನು ಫೂಝೌ ಕಡೆಯವನು. ಅವನು ತನ್ನ ಊರಿನವರೊಡನೆ ಫೋನಿನಲ್ಲಿ ಮಾತನಾಡುವಾಗ ಆಕೆಗೆ ಒಂದು ಪದವೂ ತಿಳಿಯುವುದಿಲ್ಲವಂತೆ. ಪಾರ್ಸೆಲ್ ಕೌಂಟರ್ ಖಾಲಿಯಾಗಿತ್ತು. ಬಾಡಿಗೆ ಏರಿದ್ದರಿಂದ ಹೋದರು ಎಂದಳು. ಏರಿಸಿದ್ದು ಯಾರು ಎಂದರೆ ದುರಸ್ತಿಯವನ ಕಡೆ ಕಣ್ಣು ತೋರಿಸಿ, ಅವನಿಗೂ ಮೇಲಿನವರು ಏರಿಸಿದ್ದಾರೆ ಎಂದಳು.

ಈ ನಗರದ ಆಸ್ತಿ ದಾಖಲೆಗಳನ್ನು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ನೋಡಬಹುದಾದ್ದರಿಂದ ರಾತ್ರಿ ಕುಳಿತು ಹುಡುಕಿದೆ. ಮಾಲೀಕರ ಜಾಗದಲ್ಲಿ ಮನುಷ್ಯರ ಹೆಸರಿರಲಿಲ್ಲ. ಅದೇ ಕಟ್ಟಡದ ಬಾಗಿಲ ಸಂಖ್ಯೆಯನ್ನೇ ಹೆಸರಾಗಿಟ್ಟುಕೊಂಡ ಒಂದು ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಇತ್ತು.